ಫಾಂಟ್ ಬಂದಿಲ್ಲವೋ, ಬಂದರೂ ಕರೆದವರಿಲ್ಲವೋ?

ಪ್ರಶ್ನೆ: ನಮ್ಮ ಕನ್ನಡ ಜಾಲತಾಣದಲ್ಲಿ ಶೀರ್ಷಿಕೆಗಳಿಗೆ ಅನೇಕ್ ಕನ್ನಡ ಬೋಲ್ಡ್, ಒಳಬರಹಕ್ಕೆ ನೋಟೊ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದ್ದೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿಯಾಗಿತ್ತು. ಪುಟದ ರೂಪವನ್ನು ತೀರ್ಮಾನಿಸುವ ಸಿಎಸ್‌ಎಸ್ ಫೈಲುಗಳನ್ನು ಒಂದೇ ಫೈಲಾಗಿ ಸೇರಿಸಿ ಸರ್ವರ್‌ಗೆ ಏರಿಸಿದ ಮೇಲೆ ಶೀರ್ಷಿಕೆಗಳು ಮಸಿ ಮೆತ್ತಿದಂತೆ ದಪ್ಪಗೆ ಕಾಣುತ್ತಿವೆ. ಒಳಬರಹ ಕೆಲವರ ಕಂಪ್ಯೂಟರಿನಲ್ಲಿ ಬೇರೆ ಯಾವುದೋ ಫಾಂಟಿನಲ್ಲಿ ಬರುತ್ತಿದೆ. ಫೈಲು ತೆರೆದರೆ ಶೀರ್ಷಿಕೆಯ ಟ್ಯಾಗಾದ ‘ಎಚ್2’ ನಿಯಮ ಮೂರು ಕಡೆ ಇದೆ. ಇಡೀ ಪುಟವನ್ನು ಹಿಡಿದಿರುವ ಬಾಡಿ ಟ್ಯಾಗಿನ ಫಾಂಟ್ ಸಾಲಿಗೆ, ಬೇರೆ ನಿಯಮಗಳನ್ನು ಮೀರಿಸಲೆಂದು !ಇಂಪಾರ್ಟೆಂಟ್ ಹಾಕಿದೆ, ಶೀರ್ಷಿಕೆ ಕದಲಲಿಲ್ಲ. ಎಲ್ಲ ಅಂಶಗಳನ್ನೂ ಆರಿಸುವ ನಕ್ಷತ್ರದ (*) ಸೆಲೆಕ್ಟರ್‌ಗೆ ಹಾಕಿದೆ, ಐಕಾನ್‌ಗಳೆಲ್ಲ ಖಾಲಿ ಚೌಕಗಳಾದವು. ಯಾವ ನಕಲನ್ನು ಅಳಿಸಲಿ?

ಉತ್ತರ: ಸದ್ಯಕ್ಕೆ ಯಾವುದನ್ನೂ ಅಳಿಸಬೇಡಿ. ಮೊದಲು ಆ ಎರಡೂ !ಇಂಪಾರ್ಟೆಂಟ್‌ಗಳನ್ನು ತೆಗೆದುಹಾಕಿ. ಅವು ಇರುವವರೆಗೆ ನೀವು ನೋಡುತ್ತಿರುವುದು ಮೂಲ ತೊಂದರೆಯನ್ನಲ್ಲ, ಅದರ ಮೇಲೆ ಹಚ್ಚಿದ ಬಣ್ಣವನ್ನು.

ಅವು ಏಕೆ ಕೈಕೊಟ್ಟವು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬಾಡಿಗೆ ಕೊಟ್ಟ ಫಾಂಟ್ ಶೀರ್ಷಿಕೆಗೆ ತಲುಪುವುದು ವಂಶಪಾರಂಪರ್ಯದಿಂದ, ಅಂದರೆ ಇನ್‌ಹೆರಿಟೆನ್ಸ್‌ನಿಂದ. ಹಾಗೆ ಬಂದ ಬೆಲೆ ಎಷ್ಟೇ ಜೋರಾಗಿ ಕೂಗಿಕೊಂಡಿದ್ದರೂ, ಆ ಅಂಶಕ್ಕೆ ನೇರವಾಗಿ ಬರೆದ ಅತಿ ದುರ್ಬಲ ನಿಯಮದ ಎದುರಿಗೂ ಸೋಲುತ್ತದೆ. !ಇಂಪಾರ್ಟೆಂಟ್ ಎಂಬುದು ಬಾಡಿ ಟ್ಯಾಗಿನ ಮೇಲೆ ನಡೆಯುವ ಪೈಪೋಟಿಯಲ್ಲಿ ಗೆಲ್ಲಿಸುತ್ತದೆಯೇ ಹೊರತು, ಆ ಗೆಲುವನ್ನು ಮಕ್ಕಳಿಗೆ ದಾಟಿಸುವುದಿಲ್ಲ. ನಿಮ್ಮ ‘ಎಚ್2’ಗೆ ತನ್ನದೇ ನಿಯಮ ಇದೆ, ಹಾಗಾಗಿ ಅದು ಕದಲಲಿಲ್ಲ. ನಕ್ಷತ್ರದ ಸೆಲೆಕ್ಟರ್ ಪ್ರತಿಯೊಂದು ಅಂಶವನ್ನೂ ನೇರವಾಗಿ ಮುಟ್ಟುತ್ತದೆ. ಐಕಾನ್‌ಗಳೂ ಒಂದು ಫಾಂಟಿನ ಅಕ್ಷರಗಳೇ. ಅವು ಕುಳಿತಿರುವುದು ಯೂನಿಕೋಡಿನ ಖಾಸಗಿ ಬಳಕೆಯ ಜಾಗದಲ್ಲಿ, ಆ ಜಾಗದಲ್ಲಿ ನೋಟೊ ಫಾಂಟಿನಲ್ಲಿ ಚಿತ್ರವೇ ಇಲ್ಲ. ಚೌಕ ಬಂದದ್ದು ಅದಕ್ಕೇ.

ಈಗ ಮೂಲಕ್ಕೆ ಬರೋಣ. ಫಾಂಟಿನ ತೊಂದರೆ ಎಂದು ಬಂದಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಫಾಂಟ್ ಬಂದೇ ಇಲ್ಲವೋ, ಬಂದರೂ ಅದನ್ನು ಯಾರೂ ಕರೆಯುತ್ತಿಲ್ಲವೋ? ಬರದಿದ್ದರೆ ಅದು ಫೈಲಿನ, ದಾರಿಯ, ಸರ್ವರಿನ ವಿಷಯ. ಕರೆಯದಿದ್ದರೆ ಅದು ಯಾವ ನಿಯಮ ಗೆಲ್ಲಬೇಕೆಂದು ತೀರ್ಮಾನಿಸುವ ಕ್ಯಾಸ್ಕೇಡಿನ ವಿಷಯ, ನಕಲು ನಿಯಮಗಳು ತಲೆಹಾಕುವುದು ಅಲ್ಲಿ. ಇವೆರಡನ್ನು ಬೇರ್ಪಡಿಸದೆ ಸಿಎಸ್‌ಎಸ್ ತಿದ್ದುತ್ತ ಕೂತರೆ ಒಂದು ದಿನ ಹೋಗುತ್ತದೆ, ತೊಂದರೆ ಉಳಿಯುತ್ತದೆ. ನಿಮ್ಮಲ್ಲಿ ಎರಡೂ ಇವೆ ಎಂದು ನನ್ನ ಅಂದಾಜು: ಒಳಬರಹದ ಫಾಂಟ್ ಬಂದಿಲ್ಲ, ಶೀರ್ಷಿಕೆಯದು ಬಂದಿದೆ, ಆದರೆ ಅದನ್ನು ತಪ್ಪಾಗಿ ಕರೆಯಲಾಗುತ್ತಿದೆ.

ಕಣ್ಣಳತೆಯಲ್ಲಿ ಇದನ್ನು ತೀರ್ಮಾನಿಸಬೇಡಿ. ಕ್ರೋಮ್‌ನಲ್ಲಿ ಆ ಸಾಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ತೆರೆಯಿರಿ. ಕಂಪ್ಯೂಟೆಡ್ ಎಂಬ ಭಾಗದ ತೀರಾ ಕೆಳಗೆ ‘ರೆಂಡರ್ಡ್ ಫಾಂಟ್ಸ್’ ಎಂದಿರುತ್ತದೆ. ನಿಜವಾಗಿ ತೆರೆಗೆ ಬಂದ ಫಾಂಟಿನ ಹೆಸರು, ಅದು ನೆಟ್‌ವರ್ಕ್‌ನಿಂದ ಬಂದದ್ದೋ ಕಂಪ್ಯೂಟರಿನ ಒಳಗಿನದೋ, ಅದರಿಂದ ಎಷ್ಟು ಗ್ಲಿಫ್ (ಅಕ್ಷರದ ಚಿತ್ರ) ಬಳಕೆಯಾಗಿದೆ, ಮೂರೂ ಅಲ್ಲಿವೆ. ಫೈರ್‌ಫಾಕ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕವಾದ ‘ಫಾಂಟ್ಸ್’ ಭಾಗವಿದೆ, ಅದು ಇನ್ನೂ ಚೆನ್ನಾಗಿದೆ. ಮೇಲ್ಗಡೆ ಕಾಣುವ ‘ಫಾಂಟ್-ಫ್ಯಾಮಿಲಿ’ ಸಾಲನ್ನು ನಂಬಿ ಮೋಸಹೋಗಬೇಡಿ. ಅದು ನೀವು ಕೇಳಿದ ಪಟ್ಟಿ ಮಾತ್ರ, ಸಿಕ್ಕಿದ್ದಲ್ಲ.

ಕನ್ನಡದ ಮಟ್ಟಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ನೋಟೊ ಕನ್ನಡ ಮೊದಲೇ ಇರುತ್ತದೆ. ನಿಮ್ಮ ವೆಬ್ ಫಾಂಟ್ ಪೂರ್ತಿ ಸತ್ತಿದ್ದರೂ ಅಲ್ಲಿ ಪುಟ ಸರಿಯಾಗಿಯೇ ಕಾಣುತ್ತದೆ. ಅದೇ ಪುಟ ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಎಂಬ ಅದರದೇ ಫಾಂಟಿಗೆ ಜಾರಿಕೊಳ್ಳುತ್ತದೆ. “ಕೆಲವರಿಗೆ ಮಾತ್ರ ಬೇರೆ ಫಾಂಟ್” ಎಂದು ನೀವು ಬರೆದಿರುವುದರ ಅರ್ಥ, ಬಹುಶಃ ಯಾರಿಗೂ ಫಾಂಟ್ ಹೋಗುತ್ತಿಲ್ಲ. ಉಳಿದವರ ಬಳಿ ಅದು ಮೊದಲೇ ಇದೆ. ನಿಮ್ಮ ಲ್ಯಾಪ್‌ಟಾಪಿನಲ್ಲೂ ಅದನ್ನು ಇನ್‌ಸ್ಟಾಲ್ ಮಾಡಿಕೊಂಡಿದ್ದೀರಿ ಅಲ್ಲವೇ? ಪುಟ ಪರೀಕ್ಷಿಸುವ ಯಂತ್ರದಲ್ಲಿ ಅದೇ ಫಾಂಟನ್ನು ಇನ್‌ಸ್ಟಾಲ್ ಮಾಡಬಾರದು ಎಂಬುದು ನಾನು ತಪ್ಪದೆ ಪಾಲಿಸುವ ನಿಯಮ. ಫಾಂಟನ್ನು ಎಲ್ಲಿಂದ ತರಬೇಕೆಂದು ಹೇಳುವ ‘ಸೋರ್ಸ್’ ಸಾಲಿನಲ್ಲಿ ಮೊದಲಿಗೆ ‘ಲೋಕಲ್’ ಎಂದು ಬರೆದಿದ್ದರೆ ಅದನ್ನೂ ತೆಗೆಯಿರಿ. ನೋಡುಗರ ಯಂತ್ರದಲ್ಲಿರುವ ಹಳೆಯ ಆವೃತ್ತಿಯನ್ನು ಅದು ಎತ್ತಿಕೊಂಡು ಬರುತ್ತದೆ, ನೀವು ತಿದ್ದಿ ಕಳಿಸಿದ ಹೊಸ ಫೈಲು ಬಾಗಿಲಲ್ಲೇ ನಿಂತಿರುತ್ತದೆ.

ಇನ್ನು ಇನ್‌ಸ್ಪೆಕ್ಟ್‌ನಲ್ಲೇ ಇರುವ ನೆಟ್‌ವರ್ಕ್ ಹಾಳೆಗೆ ಹೋಗಿ, ‘ಫಾಂಟ್’ ಎಂಬ ಸೋಸುಗವನ್ನು (ಫಿಲ್ಟರ್) ಒತ್ತಿ, ಹಳೆಯ ಪ್ರತಿಗಳನ್ನು ಉಳಿಸಿಡುವ ಕ್ಯಾಶ್ ನಿಷ್ಕ್ರಿಯಗೊಳಿಸಿ, ಪುಟವನ್ನು ಮತ್ತೆ ತೆರೆಯಿರಿ. ಮೂರರಲ್ಲಿ ಒಂದು ಕಾಣಬೇಕು.

ನೋಟೊ ಫೈಲಿನ ಸಾಲೇ ಇಲ್ಲದಿದ್ದರೆ ಬ್ರೌಸರ್ ಅದನ್ನು ಕೇಳಿಯೇ ಇಲ್ಲ. ಫಾಂಟಿನ ಹೆಸರನ್ನೂ ಫೈಲಿನ ವಿಳಾಸವನ್ನೂ ಹೇಳುವ ಫಾಂಟ್-ಫೇಸ್ ನಿಯಮ ಬರೆದ ಮಾತ್ರಕ್ಕೆ ಬ್ರೌಸರ್ ಫೈಲು ತರುವುದಿಲ್ಲ. ಪುಟದ ಯಾವುದಾದರೂ ಅಕ್ಷರಕ್ಕೆ ಆ ಫಾಂಟ್ ಬೇಕು ಎಂದಾದಾಗ ಮಾತ್ರ ತರುತ್ತದೆ. ಹಾಗಾಗಿ ಒಂದೋ ಕರೆದವರಿಲ್ಲ, ಇಲ್ಲವೇ ಫಾಂಟ್-ಫೇಸ್ ನಿಯಮವೇ ಬ್ರೌಸರ್‌ಗೆ ತಲುಪಿಲ್ಲ. ನಿಮ್ಮ ಒಳಬರಹದ ಕಥೆ ಈ ಎರಡನೆಯದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ, ಏಕೆಂದರೆ ನೀವು ಫೈಲುಗಳನ್ನು ಒಂದಾಗಿ ಸೇರಿಸಿದ್ದೀರಿ. ಫಾಂಟ್ ನಿಯಮಗಳನ್ನು ಬೇರೆ ಸಿಎಸ್‌ಎಸ್ ಫೈಲನ್ನು ಕರೆತರುವ @ಇಂಪೋರ್ಟ್ ಸಾಲಿನಿಂದ ತರಿಸಿಕೊಳ್ಳುತ್ತಿದ್ದರೆ, ಆ ಸಾಲು ಫೈಲಿನಲ್ಲಿ ಬೇರೆಲ್ಲ ನಿಯಮಗಳಿಗಿಂತ ಮೇಲಿರಬೇಕು. ಅದಕ್ಕೂ ಮೇಲೆ ನಿಲ್ಲಲು ಅವಕಾಶ ಇರುವುದು ಅಕ್ಷರ ಸಂಕೇತ ಯಾವುದೆಂದು ಹೇಳುವ @ಚಾರ್‌ಸೆಟ್ ಮತ್ತು ಲೇಯರ್‌ಗಳ (ನಿಯಮಗಳ ಪದರಗಳ) ಹೆಸರು ಹೇಳುವ ಸಾಲಿಗೆ ಮಾತ್ರ. ಬೇರೆ ಬೇರೆ ಇದ್ದಾಗ ನಿಮ್ಮ ಎರಡನೇ ಫೈಲಿನ ಮೊದಲ ಸಾಲಾಗಿದ್ದ @ಇಂಪೋರ್ಟ್, ಸೇರಿಸಿದ ಮೇಲೆ ಸಾವಿರಾರು ಸಾಲುಗಳ ನಡುವೆ ಹೂತುಹೋಗಿರುತ್ತದೆ. ಬ್ರೌಸರ್ ಅದನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತದೆ. ಪುಟದಲ್ಲಿ ಯಾವ ದೂರೂ ಇಲ್ಲ. ಸೇರಿಸಿದ ಫೈಲಿನಲ್ಲಿ ಆ ಪದವನ್ನು ಹುಡುಕಿ ನೋಡಿ. ಮಧ್ಯದಲ್ಲಿ ಸಿಕ್ಕಿದರೆ ಅದನ್ನು ಮೇಲಕ್ಕೆ ತರುವುದಕ್ಕಿಂತ, ಎಚ್‌ಟಿಎಂಎಲ್‌ನಲ್ಲಿ ಲಿಂಕ್ ಟ್ಯಾಗ್ ಮಾಡಿ ಹಾಕುವುದು ಒಳ್ಳೆಯದು. @ಇಂಪೋರ್ಟ್ ಆದರೆ ಮೊದಲ ಸಿಎಸ್‌ಎಸ್ ಬಂದು ಓದಿ ಮುಗಿಯುವವರೆಗೆ ಎರಡನೆಯದರ ಸುಳಿವೇ ಬ್ರೌಸರ್‌ಗೆ ಇರುವುದಿಲ್ಲ.

ಸಾಲು ಇದ್ದು ಕೆಂಪಾಗಿದ್ದರೆ ದಾರಿ ತಪ್ಪಿದೆ, ಇಲ್ಲವೇ ಅನುಮತಿ ಇಲ್ಲ. ಸಿಎಸ್‌ಎಸ್ ಒಳಗಿನ ವಿಳಾಸಗಳು ಲೆಕ್ಕಕ್ಕೆ ಬರುವುದು ಸಿಎಸ್‌ಎಸ್ ಫೈಲು ಇರುವ ಜಾಗದಿಂದ, ಎಚ್‌ಟಿಎಂಎಲ್ ಪುಟದಿಂದಲ್ಲ. ಸೇರಿಸಿದ ಫೈಲು ಬೇರೆ ಫೋಲ್ಡರಿಗೆ ಹೋಗಿದ್ದರೆ ದಾರಿಗಳೂ ಅದರೊಂದಿಗೆ ಬದಲಾಗಬೇಕು. ಫಾಂಟ್ ಬೇರೆ ಡೊಮೇನಿನಲ್ಲಿದ್ದರೆ ಆ ಸರ್ವರ್ ನಿಮ್ಮ ತಾಣಕ್ಕೆ ಅನುಮತಿ ಕೊಡುವ ‘ಆಕ್ಸೆಸ್-ಕಂಟ್ರೋಲ್-ಅಲೋ-ಆರಿಜಿನ್’ ಹೆಡರ್ ಕಳಿಸಬೇಕು. ಚಿತ್ರಗಳಿಗೆ ಈ ಕಟ್ಟುಪಾಡಿಲ್ಲ, ಫಾಂಟುಗಳಿಗಿದೆ. “ಅದೇ ಸರ್ವರಿನಿಂದ ಚಿತ್ರ ಬರುತ್ತದಲ್ಲ” ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ.

ಮೂರನೆಯದು, ಸಾಲು ಇದೆ, 200 ಎಂಬ ಒಳ್ಳೆಯ ಸಂಖ್ಯೆಯೂ ಇದೆ, ಆದರೂ ಫಾಂಟ್ ಇಲ್ಲ. ಇದನ್ನು ಸ್ವಲ್ಪ ಹತ್ತಿರದಿಂದ ತೋರಿಸಬೇಕು. ನಾನು ಒಮ್ಮೆ ಸರಿಪಡಿಸಲು ಕೂತಿದ್ದ ತಾಣದಲ್ಲಿ, ಬ್ರೌಸರ್ ತನ್ನ ದೂರುಗಳನ್ನು ಬರೆಯುವ ಕನ್ಸೋಲ್ ಹೇಳುತ್ತಿದ್ದದ್ದು ಇಷ್ಟೇ: ಇಳಿಸಿಕೊಂಡ ಫಾಂಟನ್ನು ಬಿಡಿಸಲಾಗಲಿಲ್ಲ, ‘ಎಸ್‌ಎಫ್‌ಎನ್‌ಟಿ ವರ್ಶನ್’ ತಪ್ಪು, 1008813135. ಆ ಸಂಖ್ಯೆ ಅರ್ಥವಿಲ್ಲದ್ದಲ್ಲ. ಈಗಿನ ವೆಬ್ ಫಾಂಟ್ ಫೈಲಿನ ಮೊದಲ ನಾಲ್ಕು ಬೈಟುಗಳು ಅದು ಯಾವ ಬಗೆಯದು ಎಂದು ಸಾರುತ್ತವೆ. ಈ ಸಂಖ್ಯೆಯನ್ನು ನಾಲ್ಕು ಬೈಟುಗಳಾಗಿ ಒಡೆದರೆ 60, 33, 68, 79 ಸಿಗುತ್ತವೆ. ಅಕ್ಷರಗಳಾಗಿ ಓದಿದರೆ ‘<’, ‘!’, ಆಮೇಲೆ ದೊಡ್ಡಕ್ಷರದ ಡಿ ಮತ್ತು ಓ. ಎಚ್‌ಟಿಎಂಎಲ್ ಪುಟದ ತಲೆಯಲ್ಲಿರುವ ಡಾಕ್‌ಟೈಪ್ ಸಾಲಿನ ಮೊದಲ ನಾಲ್ಕು ಚಿಹ್ನೆಗಳೇ ಇವು! ಅಂದರೆ ಫಾಂಟ್ ಅಲ್ಲಿರಲಿಲ್ಲ. ಇಲ್ಲದ ವಿಳಾಸಗಳಿಗೆಲ್ಲ ಮುಖಪುಟವನ್ನು ಕೊಡುವಂತೆ ಸರ್ವರ್ ಹೊಂದಿಸಿತ್ತು; ಅದು 404 (ಸಿಗಲಿಲ್ಲ) ಎನ್ನುವ ಬದಲು 200 ಎಂದು ಹೇಳಿ ಮುಖಪುಟವನ್ನೇ ಫಾಂಟೆಂದು ಕೈಗಿತ್ತಿತ್ತು. ಡಾಕ್‌ಟೈಪ್ ಸಣ್ಣಕ್ಷರದಲ್ಲಿದ್ದರೆ ಬರುವ ಸಂಖ್ಯೆ 1008821359. ಈ ಎರಡರಲ್ಲಿ ಯಾವುದು ಕಂಡರೂ ಫಾಂಟ್ ಫೈಲನ್ನು ಅನುಮಾನಿಸಬೇಡಿ, ದಾರಿಯನ್ನು ತಿದ್ದಿ. ಬೇರೆ ಸಂಖ್ಯೆ ಬಂದರೆ ಫೈಲು ದಾರಿಯಲ್ಲಿ ಕೆಟ್ಟಿರಬಹುದು. ಎಫ್‌ಟಿಪಿಯಲ್ಲಿ ಟೆಕ್ಸ್ಟ್ ವಿಧಾನದಿಂದ ಏರಿಸಿದರೆ ಹಾಗಾಗುತ್ತದೆ. ಬೈನರಿ ವಿಧಾನದಲ್ಲಿ ಮತ್ತೆ ಏರಿಸಿ.

ಕನ್ಸೋಲಿನಲ್ಲಿ ‘ಡಾಕ್ಯುಮೆಂಟ್.ಫಾಂಟ್ಸ್.ಚೆಕ್’ ಎಂದು ಕೇಳಿ ಪರೀಕ್ಷಿಸುವ ರೂಢಿ ಕೆಲವರಿಗಿದೆ. ಹುಟ್ಟೇ ಇರದ ಹೆಸರಿನ ಫಾಂಟ್ ಕೊಟ್ಟರೂ ಅದು ‘ಟ್ರೂ’ ಎನ್ನಬಲ್ಲದು, ಕಾಯಬೇಕಾದ್ದು ಏನೂ ಇಲ್ಲ ಎಂಬ ಅರ್ಥದಲ್ಲಿ. ಅದನ್ನು ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ.

ಇನ್ನು ಶೀರ್ಷಿಕೆಗೆ ಬರುತ್ತೇನೆ. ನೀವು ಬರೆದಿರಬಹುದಾದ ಫಾಂಟ್-ಫೇಸ್ ನಿಯಮವನ್ನು ಊಹಿಸಬಲ್ಲೆ: ಒಂದು ಹೆಸರು, ಒಂದು ಸೋರ್ಸ್, ಅಷ್ಟೇ. ಫೈಲು ಬೋಲ್ಡಿನದು, ಆದರೆ ‘ಫಾಂಟ್-ವೇಟ್’ ಸಾಲು ಇಲ್ಲ. ಆ ಸಾಲು ಇಲ್ಲದಿದ್ದರೆ ಬ್ರೌಸರ್ ಈ ಫೈಲನ್ನು ನಾರ್ಮಲ್, ಅಂದರೆ 400 ಎಂದು ದಾಖಲಿಸಿಕೊಳ್ಳುತ್ತದೆ. ಒಳಗಿನ ಅಕ್ಷರ ಎಷ್ಟು ದಪ್ಪ ಎಂದು ಅದು ತೂಗಿ ನೋಡುವುದಿಲ್ಲ, ನೀವು ಹಚ್ಚಿದ ಚೀಟಿಯನ್ನು ನಂಬುತ್ತದೆ. ಈಗ ‘ಎಚ್2’ ಬೋಲ್ಡ್ ಕೇಳುತ್ತದೆ. ಬ್ರೌಸರ್ ತನ್ನ ಪಟ್ಟಿ ನೋಡುತ್ತದೆ, 400 ಒಂದೇ ಇದೆ. ಕೇಳಿದ್ದು 600ಕ್ಕೆ ಕಡಿಮೆಯಿಲ್ಲದ ತೂಕ, ಇರುವುದು ಅದಕ್ಕಿಂತ ಹಗುರ; ಸರಿ, ತಾನೇ ಅಕ್ಷರದ ಅಂಚುಗಳನ್ನು ಉಬ್ಬಿಸಿ ಕೃತಕ ಬೋಲ್ಡ್ ತಯಾರಿಸುತ್ತದೆ. ಮೊದಲೇ ದಪ್ಪಗಿದ್ದ ಅಕ್ಷರದ ಮೇಲೆ ಇನ್ನೊಂದು ಪದರ. ರೋಮನ್ ಲಿಪಿಯಲ್ಲಿ ಇದು ಸ್ವಲ್ಪ ಒರಟಾಗಿ ಕಂಡು ದಾಟಿಹೋಗುತ್ತದೆ. ಕನ್ನಡದಲ್ಲಿ ಹಾಗಲ್ಲ. ನಮ್ಮ ಅಕ್ಷರಗಳ ಜೀವ ಇರುವುದೇ ಒಳಗಿನ ಬಿಳಿ ಜಾಗದಲ್ಲಿ. ‘ಣ’ದ ಸುರುಳಿಗಳು, ‘ಘ’ದ ಹೊಟ್ಟೆ, ‘ಸ್ತ್ರೀ’ ಎಂಬಲ್ಲಿ ಒಂದರ ಕೆಳಗೊಂದು ನಿಂತ ಒತ್ತುಗಳು ಮುಚ್ಚಿಹೋದರೆ ಪದವನ್ನು ಆಕಾರದಿಂದ ಊಹಿಸಬೇಕಾಗುತ್ತದೆ. ನೀವು ಮಸಿ ಮೆತ್ತಿದಂತೆ ಎಂದದ್ದು ಇದನ್ನೇ.

ಖಚಿತಪಡಿಸಿಕೊಳ್ಳಲು ‘ಎಚ್2’ಗೆ ತಾತ್ಕಾಲಿಕವಾಗಿ ಕೃತಕ ದಪ್ಪವನ್ನು ತಡೆಯುವ ‘ಫಾಂಟ್-ಸಿಂಥೆಸಿಸ್: ನನ್’ ಎಂದು ಕೊಡಿ. ಮಸಿ ಕೂಡಲೇ ಹೋದರೆ ರೋಗ ಸಿಕ್ಕಿತು. ಮದ್ದು ಅದಲ್ಲ, ಫಾಂಟ್-ಫೇಸ್ ಒಳಗೆ ‘ಫಾಂಟ್-ವೇಟ್: 700’ ಎಂದು ನಿಜವಾದ ಚೀಟಿ ಹಚ್ಚಿ. ಅದೇ ಫಾಂಟಿನ ರೆಗ್ಯುಲರ್ ಫೈಲೂ ಇದ್ದರೆ ಎರಡಕ್ಕೂ ಒಂದೇ ಕುಟುಂಬದ ಹೆಸರಿಟ್ಟು ತೂಕ ಮಾತ್ರ ಬೇರೆ ಕೊಡಿ. ‘ಅನೇಕ್ ಬೋಲ್ಡ್’, ‘ಅನೇಕ್ ರೆಗ್ಯುಲರ್’ ಎಂದು ಬೇರೆ ಬೇರೆ ಹೆಸರಿಡುವ ಹಳೆಯ ಅಭ್ಯಾಸದಿಂದಲೇ ಈ ತೊಂದರೆ ಹುಟ್ಟುವುದು. ಹಲವು ತೂಕಗಳು ಒಂದೇ ಫೈಲಿನಲ್ಲಿರುವ ವೇರಿಯಬಲ್ ಫಾಂಟ್ ಆಗಿದ್ದರೆ ತೂಕದ ವ್ಯಾಪ್ತಿ ಬರೆಯಬೇಕು. ಅನೇಕ್ ಕನ್ನಡಕ್ಕೆ ಅದು ‘100 800’.

ಹಾಗಾದರೆ ಲ್ಯಾಪ್‌ಟಾಪಿನಲ್ಲಿ ಏಕೆ ಸರಿಯಿತ್ತು? ಇಲ್ಲಿ ನಿಮ್ಮ ನಕಲು ನಿಯಮಗಳು ಬರುತ್ತವೆ. ಮೂರು ‘ಎಚ್2’ಗಳನ್ನು ಒಂದು ಹಾಳೆಯಲ್ಲಿ ಬಂದ ಕ್ರಮದಲ್ಲೇ ಬರೆದುಕೊಳ್ಳಿ. ಮೊದಲನೆಯದು, ತಾಣದ ಸಿದ್ಧ ವಿನ್ಯಾಸವಾದ ಥೀಮಿನದು, ‘ಬೋಲ್ಡ್’ ಎನ್ನುತ್ತದೆ. ನಿಮ್ಮದು ‘ನಾರ್ಮಲ್’ ಎಂದಿರಬೇಕು, ದಪ್ಪಗೆ ಕಂಡದ್ದನ್ನು ಆಗಲೇ ಒಮ್ಮೆ ಹಾಗೆ ಸುಮ್ಮನಾಗಿಸಿರುತ್ತೀರಿ. ಮೂರನೆಯದು ಥೀಮಿನ ಅದೇ ನಿಯಮ, ಯಾವುದೋ ಪ್ಲಗಿನ್ ಅಥವಾ ಸೇರಿಸುವ ಸಾಧನ ಮತ್ತೊಮ್ಮೆ ತಂದು ಕೊನೆಗೆ ಇಟ್ಟದ್ದು. ಸೆಲೆಕ್ಟರಿನ ಬಲ ಸಮ ಇರುವಾಗ ಕೊನೆಗೆ ಬಂದದ್ದು ಗೆಲ್ಲುತ್ತದೆ. ಮೂರನೆಯದು ನಿಮ್ಮ ‘ನಾರ್ಮಲ್’ ಅನ್ನು ಅಳಿಸಿ ಬೋಲ್ಡ್ ಕೇಳಿತು, ಬೋಲ್ಡ್ ಕೇಳಿದ್ದಕ್ಕೆ ಕೃತಕ ದಪ್ಪ ಬಂತು.

ಇದರಿಂದ ನಿಮ್ಮ ಪ್ರಶ್ನೆಗೆ ನೇರ ಉತ್ತರ ಸಿಗುತ್ತದೆ. ಒಂದೇ ಸೆಲೆಕ್ಟರ್, ಒಂದೇ ಬೆಲೆಗಳ ಎರಡು ನಕಲು ಇದ್ದು, ನಡುವೆ ನಿಮ್ಮ ನಿಯಮ ಸಿಕ್ಕಿಕೊಂಡಿದ್ದರೆ, ಮೊದಲ ನಕಲನ್ನು ಅಳಿಸಿದರೆ ಪುಟದಲ್ಲಿ ಏನೂ ಬದಲಾಗದು. ಅದು ಆಗಲೇ ಸತ್ತಿದೆ, ಅದು ಹೇಳಿದ್ದನ್ನೆಲ್ಲ ಕೊನೆಯದು ಮತ್ತೆ ಹೇಳುತ್ತಿದೆ. ಕೊನೆಯದನ್ನು ಅಳಿಸಿದರೆ ನಿಮ್ಮ ನಿಯಮಕ್ಕೆ ಉಸಿರು ಬರುತ್ತದೆ. ಬಹಳ ಮಂದಿ ಮೇಲಿನಿಂದ ಓದುತ್ತ “ಇದು ಹಳೆಯದು” ಎಂದು ಮೊದಲನೆಯದನ್ನು ಅಳಿಸಿ, ಏನೂ ಆಗಲಿಲ್ಲವಲ್ಲ ಎಂದು ಕೈಚೆಲ್ಲುತ್ತಾರೆ. ನೀವು ಅಳಿಸಬೇಕಾದದ್ದು ಕೊನೆಯದನ್ನು. ಆದರೆ ಸೇರಿಸಿದ ಫೈಲಿನಲ್ಲಿ ಅಲ್ಲ, ಅದು ಎಲ್ಲಿಂದ ಬಂತೋ ಅಲ್ಲಿ. ಇಲ್ಲದಿದ್ದರೆ ಮುಂದಿನ ಸಲ ಫೈಲು ತಯಾರಾದಾಗ ಅದು ಹಿಂತಿರುಗುತ್ತದೆ. ಎಚ್‌ಟಿಎಂಎಲ್ ಮೂಲದಲ್ಲಿ ಒಂದೇ ಸಿಎಸ್‌ಎಸ್ ಎರಡು ಸಲ ಲಿಂಕ್ ಆಗಿದೆಯೇ ನೋಡಿ. ಹೆಸರಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯೊಂದಿಗೆ ಬೇರೆ ಬೇರೆ ಆವೃತ್ತಿ ಸಂಖ್ಯೆ ಇದ್ದರೆ ಬ್ರೌಸರ್‌ಗೆ ಅವು ಎರಡು ಬೇರೆ ಫೈಲುಗಳು.

ಕ್ಯಾಸ್ಕೇಡಿನ ಪೈಪೋಟಿ ನಿಯಮ-ನಿಯಮಗಳ ನಡುವೆ ಅಲ್ಲ, ಗುಣ-ಗುಣಗಳ ನಡುವೆ ನಡೆಯುತ್ತದೆ ಎಂಬುದನ್ನೂ ಗಮನದಲ್ಲಿಡಿ. ಮೂರನೇ ನಕಲಿನಲ್ಲಿ ಬಣ್ಣದ ಸಾಲಿಲ್ಲದಿದ್ದರೆ ನಿಮ್ಮ ಬಣ್ಣ ಉಳಿಯುತ್ತದೆ, ತೂಕ ಮಾತ್ರ ಹೋಗುತ್ತದೆ. ಅರ್ಧ ಸರಿ ಅರ್ಧ ತಪ್ಪು ಕಾಣುವುದು ಇದಕ್ಕೇ. ಇದಕ್ಕಿಂತ ಕಾಣದ ಬಲೆ ‘ಫಾಂಟ್’ ಎಂಬ ಒಂದೇ ಸಾಲಿನ ಸಂಕ್ಷಿಪ್ತ ರೂಪ. ಅದರಲ್ಲಿ ಗಾತ್ರ ಮತ್ತು ಕುಟುಂಬ ಎರಡನ್ನೇ ಬರೆದರೂ, ಬರೆಯದ ತೂಕ, ಓರೆ, ಸಾಲಿನೆತ್ತರ ಎಲ್ಲ ಮೊದಲ ಸ್ಥಿತಿಗೆ ಮರಳುತ್ತವೆ. ‘ಲೈನ್-ಹೈಟ್’ ಅಂತ ಎಲ್ಲೂ ಹುಡುಕಿದರೂ ಸಿಗದು, ಆದರೂ ಸಾಲುಗಳು ಒತ್ತೊತ್ತಾಗಿರುತ್ತವೆ.

ಈಗ ಒಂದು ಮುಖ್ಯ ಎಚ್ಚರಿಕೆ. ಸಾಮಾನ್ಯ ನಿಯಮಗಳಿಗೆ ಹೇಳಿದ್ದನ್ನು ಫಾಂಟ್-ಫೇಸ್ ನಕಲುಗಳಿಗೆ ಹಚ್ಚಬೇಡಿ. ಅವು ಒಂದರೊಳಗೊಂದು ಬೆರೆಯುವುದಿಲ್ಲ. ಮೊದಲನೆಯದರಲ್ಲಿ ತೂಕ, ಎರಡನೆಯದರಲ್ಲಿ ಸೋರ್ಸ್ ಬರೆದರೆ ಒಂದು ಪೂರ್ಣ ನಿಯಮ ಆಗದು; ಸೋರ್ಸ್ ಇಲ್ಲದ್ದು ಬಿದ್ದುಹೋಗುತ್ತದೆ, ಇನ್ನೊಂದು 400 ಎಂದು ಉಳಿಯುತ್ತದೆ. ಹೆಸರು, ತೂಕ, ಶೈಲಿ ಮೂರೂ ಒಂದೇ ಆಗಿದ್ದರೆ ಬ್ರೌಸರ್ ಎರಡನ್ನೂ ಇಟ್ಟುಕೊಂಡು, ಪ್ರತಿ ಅಕ್ಷರಕ್ಕೂ ಕೊನೆಯದನ್ನು ಮೊದಲು ಕೇಳುತ್ತದೆ. ಫೈಲು ಯಾವ ಅಕ್ಷರಗಳಿಗೆ ಎಂದು ಹೇಳುವ ‘ಯೂನಿಕೋಡ್-ರೇಂಜ್’ ಇದ್ದಾಗ ಇದು ವರ. ಕನ್ನಡದ ಯು+0ಸಿ80ರಿಂದ ಯು+0ಸಿಎಫ್‌ಎಫ್‌ವರೆಗಿನ ಅಕ್ಷರಗಳಿಗೆ ಒಂದು ಫೈಲು, ರೋಮನ್ ಅಕ್ಷರಗಳಿಗೆ ಇನ್ನೊಂದು, ಹೆಸರು ಒಂದೇ. ಇವು ನಕಲಿನಂತೆ ಕಂಡರೂ ನಕಲಲ್ಲ, ಅಳಿಸಿದರೆ ಅರ್ಧ ಲಿಪಿ ಹೋಗುತ್ತದೆ. ಅದೇ ಹೆಸರಿನಲ್ಲಿ ರೇಂಜ್ ಇಲ್ಲದ ಮೂರನೆಯದೊಂದು ಕೊನೆಗೆ ಬಂದರೆ ಅದು ಎಲ್ಲ ಅಕ್ಷರಕ್ಕೂ ತಾನೇ ಎಂದು ಮುಂದೆ ನಿಲ್ಲುತ್ತದೆ, ಅಳಿಸಬೇಕಾದ್ದು ಅದನ್ನು. ರೇಂಜನ್ನು ನೀವೇ ಬರೆಯುವುದಾದರೆ ಕಣ್ಣಿಗೆ ಕಾಣದ ಜೋಡಣೆಯ ಚಿಹ್ನೆಗಳಾದ ಯು+200ಸಿ, ಯು+200ಡಿ ಎರಡನ್ನೂ ಸೇರಿಸಿ. ‘ಸಾಫ್ಟ್‌ವೇರ್’ನಲ್ಲಿ ‘ಟ್’ಗೆ ‘ವ’ ಒತ್ತಾಗದಂತೆ ತಡೆಯುವುದು ಮೊದಲನೆಯದು, ‘ರ‍್ಯಾಂಕ್’ನಲ್ಲಿ ರಕಾರ ಅರ್ಕಾವೊತ್ತಾಗದಂತೆ ಕಾಯುವುದು ಎರಡನೆಯದು. ಎರಡೂ ಕನ್ನಡದ ಸಾಲಿನಿಂದ ಹೊರಗಿವೆ, ಹಾಗಾಗಿ ಮರೆತುಹೋಗುತ್ತವೆ. ಒತ್ತಕ್ಷರಗಳೇ ಒಡೆದು ‘ಕ್ಷ’ ಬಿಡಿಬಿಡಿಯಾಗಿ ಕಂಡರೆ ಸಿಎಸ್‌ಎಸ್ ಬಿಡಿ; ಫೈಲನ್ನು ಚಿಕ್ಕದು ಮಾಡಿದ ಸಾಧನ ಅಕ್ಷರ ಜೋಡಿಸುವ ಜಿಎಸ್‌ಯುಬಿ ಕೋಷ್ಟಕವನ್ನು ಕತ್ತರಿಸಿರುತ್ತದೆ, ಮೂಲ ಫೈಲಿನಿಂದ ಮತ್ತೆ ತಯಾರಿಸಿ.

ಕಣ್ಣಿಗೆ ನಕಲೆನಿಸುವ ಇನ್ನೆರಡನ್ನು ಮುಟ್ಟಬೇಡಿ. ಮೀಡಿಯಾ ಕ್ವೆರಿಯೊಳಗಿನ ‘ಎಚ್2’ ಬೇರೆ ಪರದೆಗಾಗಿ ಬರೆದದ್ದು. ಒಂದೇ ನಿಯಮದೊಳಗೆ ಎತ್ತರವನ್ನು ಮೊದಲು 100ವಿಎಚ್, ಮರುಸಾಲಿನಲ್ಲಿ 100ಡಿವಿಎಚ್ ಎಂದು ಬರೆದಿದ್ದರೆ ಅದು ಬೇಕೆಂದೇ ಮಾಡಿದ್ದು. ಎರಡನೆಯದು ತಿಳಿಯದ ಹಳೆಯ ಬ್ರೌಸರ್ ಅದನ್ನು ಬಿಟ್ಟು ಮೊದಲನೆಯದನ್ನು ಹಿಡಿಯುತ್ತದೆ. ಸೋರ್ಸ್ ಪಟ್ಟಿಯಲ್ಲಿ ಇಒಟಿ, ಎಸ್‌ವಿಜಿ ಎಂಬ ಹಳೆಯ ಬಗೆಯ ಫಾಂಟ್ ಫೈಲುಗಳಿದ್ದರೆ ಮಾತ್ರ ಧೈರ್ಯವಾಗಿ ತೆಗೆಯಿರಿ. ಇಒಟಿ ಬೇಕಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೆ 2022ರ ಜೂನ್‌ನಲ್ಲೇ ತೆರೆ ಬಿದ್ದಿದೆ, ವೋಫ್2 ಎಂಬ ಈಗಿನ ಬಗೆಯ ಫೈಲು ಒಂದೇ ಸಾಕು.

ಕೊನೆಯಲ್ಲಿ ಮಾಡುವ ಕೆಲಸ ಹೀಗಿರಲಿ: ಫಾಂಟ್-ಫೇಸ್ ನಿಯಮಗಳೆಲ್ಲ ಒಂದೇ ಫೈಲಿನಲ್ಲಿ, ಅದು ಎಲ್ಲಕ್ಕಿಂತ ಮೊದಲು. ಥೀಮಿನ ನಿಯಮಗಳನ್ನು ಒಂದು @ಲೇಯರ್ ಒಳಗೆ ಹಾಕಿಬಿಡಿ. ಲೇಯರಿನ ಹೊರಗಿರುವ ನಿಮ್ಮ ಸಾಮಾನ್ಯ ನಿಯಮ ಮೊದಲು ಬಂದರೂ ಕೊನೆಗೆ ಬಂದರೂ ಅದನ್ನು ಗೆಲ್ಲುತ್ತದೆ, !ಇಂಪಾರ್ಟೆಂಟ್‌ನ ಹಂಗೇ ಬೇಡ. ಬಟನ್, ಇನ್‌ಪುಟ್, ಟೆಕ್ಸ್ಟ್‌ಏರಿಯಾಗಳು ಬಾಡಿಯ ಫಾಂಟನ್ನು ತಾವಾಗಿ ಪಡೆಯುವುದಿಲ್ಲ, ಅವಕ್ಕೆ ‘ಫಾಂಟ್: ಇನ್‌ಹೆರಿಟ್’ ಕೊಡಿ. ಫಾಂಟನ್ನು ಮುಂಚೆಯೇ ತರಿಸುವ ಪ್ರಿಲೋಡ್ ಸಾಲು ಬರೆದಿದ್ದರೆ ಅದರಲ್ಲಿ ‘ಕ್ರಾಸ್‌ಆರಿಜಿನ್’ ಇರಲೇಬೇಕು, ಫಾಂಟ್ ನಿಮ್ಮದೇ ಸರ್ವರಿನಲ್ಲಿದ್ದರೂ. ಇಲ್ಲದಿದ್ದರೆ ಒಂದೇ ಫೈಲು ಎರಡು ಸಲ ಇಳಿಯುತ್ತದೆ. ಒಳಬರಹಕ್ಕೆ ‘ಫಾಂಟ್-ಡಿಸ್‌ಪ್ಲೇ: ಸ್ವಾಪ್’ ಕೊಡಿ, ಫಾಂಟ್ ಬರುವವರೆಗೆ ಓದುಗರು ಖಾಲಿ ಪುಟ ನೋಡುತ್ತ ಕಾಯಬೇಕಿಲ್ಲ.

ಇಷ್ಟಾದ ಮೇಲೆ ಲ್ಯಾಪ್‌ಟಾಪಿನಿಂದ ನೋಟೊ ಫಾಂಟನ್ನು ಅನ್‌ಇನ್‌ಸ್ಟಾಲ್ ಮಾಡಿ, ಬ್ರೌಸರ್ ಮುಚ್ಚಿ ತೆರೆದು, ‘ರೆಂಡರ್ಡ್ ಫಾಂಟ್ಸ್’ ಮತ್ತೆ ನೋಡಿ. ಎರಡೂ ಕಡೆ ‘ನೆಟ್‌ವರ್ಕ್’ ಎಂದು ಬರಬೇಕು. ಬರದಿದ್ದರೆ ಆ ಸಾಲನ್ನೂ, ಕನ್ಸೋಲಿನ ಕೆಂಪು ಸಾಲನ್ನೂ ಸಂಖ್ಯೆ ಬಿಡದೆ ಬರೆದು ಕಳಿಸಿ.